ಒಲ್ಲೆ ಅನ್ನಲಾರದ ಯಶೋಧಾ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದು ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಸುತ್ತಮುತ್ತ ಎಲ್ಲರಿಗೂ ಗೊತ್ತು. ಅಲ್ಲೇ ನಮ್ಮದೊಂದು ಖಾನಾವಳಿ. ಗಲ್ಲೆಯ ಮೇಲೆ ಹಾಲೇಶಪ್ಪನೆಂಬ ನಾನು, ಒಲೆಯ ಮುಂದೆ ನನ್ನ ಹೆಂಡತಿ ಯಶೋಧಾ. ಈಗ ನಾನು ಹೇಳಹೊರಟಿರುವುದು ಅವಳ ಕಥೆ, ಅದರೊಳಗೆ ನಾನು ಮಾಡಿದ ಒಂದು ದಡ್ಡ ಕೆಲಸದ ಕಥೆಯೂ ಇದೆ.

ನಾಲ್ಕು ವರ್ಷದ ಹಿಂದೆ ಅವಳಿಗೆ ಶುಗರ್ ಬಂತು. ದಿನಾ ಅರ್ಧ ತಾಸು ನಡೆಯಮ್ಮ ಎಂದರು ಡಾಕ್ಟರು. ಇವಳು ನಡೆದಳು. ನಡಿಗೆ ಸಾಲದೆಂದು ಓಡಿದಳು. ಓಟ ಅನಂತನಹಳ್ಳಿ ದಾಟಿತು, ಚಿಗಟೇರಿ ರಸ್ತೆ ಹಿಡಿಯಿತು. ನಸುಕಿನಲ್ಲಿ ಹೋದವಳು ಹೊತ್ತು ಏರಿದ ಮೇಲೆ ಬರುತ್ತಿದ್ದಳು. ಬಂದವಳ ಮುಖ ನೋಡಬೇಕಿತ್ತು ನೀವು! ಇಪ್ಪತ್ತಾರು ವರ್ಷ ಒಲೆಯ ಮುಂದೆ ಕೂತವಳು, ನಗುವುದನ್ನೇ ಮರೆತಿದ್ದವಳು, ಮೈತುಂಬ ಬೆವರಿನಲ್ಲಿ ನಗುತ್ತ ಬರುತ್ತಿದ್ದಳು. ನಾನು ಬೈಯುತ್ತಿದ್ದೆ, ಆದರೆ ಒಳಗೊಳಗೆ ಖುಷಿಯಾಗುತ್ತಿತ್ತು. ಹೇಳಿಕೊಳ್ಳಲಿಲ್ಲ, ಅಷ್ಟೇ.

ನಮ್ಮಲ್ಲಿ ಊಟಕ್ಕೆ ಬರುವ ಅಮರೇಶ್ ಬ್ಯಾಂಕಿನವನು, ಓಟದ ಹುಚ್ಚಿನವನು. ಅವನೂ ಅವನ ಗೆಳೆಯರೂ ಸೇರಿ ನೂರು ಕಿಲೋಮೀಟರ್ ಓಟ ನಡೆಸುತ್ತಾರೆ. ಹರಪನಹಳ್ಳಿಯಿಂದ ಕೊಟ್ಟೂರಿನ ಮೇಲೆ ಕೂಡ್ಲಿಗಿ ತನಕ ಹೋಗಿ, ಅದೇ ದಾರಿಯಲ್ಲಿ ತಿರುಗಿ ಬರಬೇಕು. ಬೆಳಿಗ್ಗೆ ನಾಲ್ಕಕ್ಕೆ ಬಿಟ್ಟರೆ ಸಂಜೆ ಏಳರೊಳಗೆ ಮುಟ್ಟಬೇಕು. ದಾರಿಯಲ್ಲಿ ಯಾರು ಏನು ಕೊಟ್ಟರೂ ತಿನ್ನಬಹುದು, ಗಾಡಿ ಮಾತ್ರ ಹತ್ತುವಂತಿಲ್ಲ.

ಹೋದ ವರ್ಷ ಯಶೋಧಾ ಓಡಿದಳು. ಬರೀ ಹನ್ನೊಂದು ನಿಮಿಷ ತಡವಾಗಿ ಪದಕ ತಪ್ಪಿತು. ಕಾಲು ಸೋತು ಅಲ್ಲ ಮಾರಾಯರೇ, ಮಜ್ಜಿಗೆ ಕುಡಿದು!

ಆ ಓಟ ನಡೆಯುವುದು ಚಳಿ ಹಿಂದಾಗುವ ಹೊತ್ತಿಗೆ. ಕೊಟ್ಟೂರಿಗೆ ಹರಕೆ ಹೊತ್ತವರು ನಡೆದು ಹೋಗುವ ದಿನಗಳೂ ಅವೇ. ದಾರಿಯುದ್ದಕ್ಕೂ ಮನೆಮನೆಯವರು ನೀರು, ಮಜ್ಜಿಗೆ, ಮಂಡಕ್ಕಿ ಇಟ್ಟುಕೊಂಡು ಕಾಯುತ್ತಾರೆ. ನಡೆದು ಬರುವವರು, ಯಾರು ಏನು ಕೊಟ್ಟರೂ, ಒಲ್ಲೆ ಅನ್ನಬಾರದು, ನಿಂತು ಕುಡಿಯಬಾರದು, ಕೂತು ಶರಣು ಹೇಳಿ ಏಳಬೇಕು. ಉಳಿದ ಓಟಗಾರರು ಟೋಪಿ, ಕಪ್ಪು ಕನ್ನಡಕದವರು, ಅವರನ್ನು ಯಾರೂ ಕರೆಯಲಿಲ್ಲ. ನಮ್ಮವಳ ಹಣೆ ತುಂಬ ವಿಭೂತಿ. "ಬಾರವ್ವಾ ತಾಯಿ, ಕುಂದ್ರು" ಅಂದಲ್ಲೆಲ್ಲ ಕೂತಳು. ಹದಿನೇಳು ಕಡೆ ಕೂತಳು!

"ಈ ಸಲ ವಿಭೂತಿ ಒರೆಸಿಕೊಂಡು ಓಡು" ಎಂದೆ.

"ವಿಭೂತಿ ಒರಿಸ್ಕೊಂಡು ಎಲ್ಲಿ ಓಡ್ಲಿ?" ಎಂದಳು. ಆಮೇಲೆ ರೊಟ್ಟಿ ಬೇಯಿಸುತ್ತ ಮೆಲ್ಲಗೆ, "ಈ ಸಲನೂ ಆಗ್ಲಿಲ್ಲಂದ್ರ ಮುಗೀತು. ಬೂಟು ಯಾರಿಗಾರ ಕೊಟ್ಟು ಸುಮ್ನ ಕುಂದ್ರತೀನಿ" ಎಂದಳು.

ಅವಳು ಆಡಿದ ಮಾತು ನಡೆಸುವವಳು. ಮತ್ತೆ ಆ ಹಳೆಯ ಮುಖ ನೋಡುವುದು ನನ್ನಿಂದ ಆಗದ ಕೆಲಸ.

ಓಟಕ್ಕೆ ಒಂದು ವಾರ ಮೊದಲು ಅವಳಿಗೆ ಹೇಳದೆ ಟಿವಿಎಸ್ ಹತ್ತಿ ಹೊರಟೆ. ಕೂಡ್ಲಿಗಿ ತನಕ ದಾರಿಬದಿಯ ಮನೆಮನೆಗೂ ಹೋದೆ. "ಅಕಿ ಹರಕಿ ಹೊತ್ತಾಕಿ ಅಲ್ರಿ, ರೇಸಿನಾಕಿ. ದಯವಿಟ್ಟು ಕರೀಬ್ಯಾಡ್ರಿ" ಎಂದೆ. ದಯವಿಟ್ಟು ಎನ್ನುವುದು ಮೊದಲ ನಾಲ್ಕು ಮನೆಗಷ್ಟೇ ಉಳಿಯಿತು. ಕೊಟ್ಟೂರಿಗೆ ಐದಾರು ಕಿಲೋಮೀಟರ್ ಈಚೆ ಅಂಜಿನಕ್ಕ ಎಂಬ ಮುದುಕಿಯ ಮನೆ. ಹೋದ ವರ್ಷ ಯಶೋಧಾಳ ಕಾಲಿಗೆ ಎಣ್ಣೆ ಹಚ್ಚಿ ಕಳಿಸಿದಾಕೆ.

"ಓಡಿ ಬಂದ್ರೇನು, ನಡದು ಬಂದ್ರೇನು ತಮ್ಮಾ, ಬಾಯಾರಿದಾಕಿಗೆ ನೀರು ಕೊಡಬ್ಯಾಡ ಅಂತೀಯಾ?" ಎಂದಳು.

"ನಿಮ್ಮ ನೀರಿನಿಂದಾನ ಅಕಿ ಸೋತಿದ್ದು!" ಎಂದುಬಿಟ್ಟೆ.

ಮುದುಕಿ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು. ನಾನೋ, ಗೆದ್ದವನ ಹಾಗೆ ಗಾಡಿ ತಿರುಗಿಸಿದೆ.

ಓಟದ ದಿನ ಖಾನಾವಳಿಗೆ ಬೀಗ ಹಾಕಿ ಟಿವಿಎಸ್‌ನಲ್ಲಿ ಹಿಂದೆ ಹಿಂದೆ ಹೋದೆ. ಒಬ್ಬರೂ ಕರೆಯಲಿಲ್ಲ. ಹತ್ತೂವರೆಗೆ ಕೂಡ್ಲಿಗಿ ಮುಟ್ಟಿ ತಿರುಗಿದಳು. ಭಲೇ ಹಾಲೇಶಪ್ಪ ಎಂದುಕೊಂಡೆ. ಆದರೆ ಬಿಸಿಲು ಏರಿದಂತೆ ಅವಳ ಕಾಲು ಭಾರವಾಗತೊಡಗಿತು. ಮುಂದೆ ಹೋಗುವ ಹರಕೆಯವರಿಗೆ ಮಜ್ಜಿಗೆ ಕೊಡುತ್ತಿದ್ದವರು ಇವಳನ್ನು ಕಂಡೊಡನೆ ತಂಬಿಗೆ ಹಿಂದಕ್ಕೆ ಹಿಡಿದು ಸರಿದು ನಿಲ್ಲುತ್ತಿದ್ದರು. ಇವಳು ಕೈಮುಗಿದರೆ ಅವರು ತಲೆ ತಗ್ಗಿಸುತ್ತಿದ್ದರು.

ಕೊಟ್ಟೂರು ದಾಟಿ ಒಂದೆರಡು ಕಿಲೋಮೀಟರ್ ಬಂದವಳು ಒಂದು ಸೇತುವೆ ಕಟ್ಟೆಯ ಮೇಲೆ ಕೂತುಬಿಟ್ಟಳು. ನಾನು ಗ್ಲೂಕೋಸ್ ಚಾಚಿದೆ. ಮುಟ್ಟಲಿಲ್ಲ.

"ನಾ ಏನ್ ತಪ್ಪು ಮಾಡೀನ್ರಿ?" ಎಂದಳು. "ಹೋದ ವರ್ಷ ಮಗಳಂಗ ನೋಡಿದ ಮಂದಿ ಇವತ್ತು ಮೈಲಿಗಿ ಆದಾಕೀನ ನೋಡಿದಂಗ ಸರೀತಾರಲ್ರಿ. ಯಾಕ?"

ಗಣಪನ್ನ ಮಾಡಲು ಹೋಗಿ ಅವರಪ್ಪನ್ನ ಮಾಡಿದ್ದೆ ನಾನು. ಸುಳ್ಳು ಹೇಳಬಹುದಿತ್ತು. ಅವಳ ಕಣ್ಣು ನೋಡಿ ಆಗಲಿಲ್ಲ. ಎಲ್ಲ ಹೇಳಿದೆ, ಅಂಜಿನಕ್ಕನಿಗೆ ಅಂದ ಮಾತನ್ನೂ ಹೇಳಿದೆ.

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

"ನನ್ನ ಓಡಿಸಿದ್ದು ಆ ಮಂದಿ ರೀ" ಎಂದಳು. "ಮುಂದಿನ ಮನಿಯಾಗ ಯಾರೋ ಕಾಯಾಕತ್ಯಾರ ಅಂತ ಓಡ್ತಿದ್ದೆ. ಈಗ ಯಾರ ಕಡಿಗೆ ಓಡ್ಲಿ?"

ಗಡಿಯಾರ ನೋಡಿದೆ. ಎರಡು ನಲವತ್ತು. ಇನ್ನೂ ಇಪ್ಪತ್ತೆಂಟು ಕಿಲೋಮೀಟರ್ ಬಾಕಿ. ಗಾಡಿ ಹತ್ತಿದವನೇ ಅಂಜಿನಕ್ಕನ ಮನೆಯ ಮುಂದೆ ನಿಲ್ಲಿಸಿದೆ. ಜೀವನದಲ್ಲಿ ಯಾರ ಮುಂದೆಯೂ ತಗ್ಗದ ನಾನು ಆಕೆಯ ಕಾಲು ಹಿಡಿದೆ.

"ತಪ್ಪಾತವ್ವಾ. ಅಕಿ ದಾರ್ಯಾಗ ಕುಂತಾಳ. ನೀ ಬರ್ಲಿಲ್ಲಂದ್ರ ಏಳಂಗಿಲ್ಲ."

"ಹುಚ್ಚಪ್ಪಾ! ಅಷ್ಟು ದೂರದಾಗ ಕುಂದ್ರಿಸಿ ಬಂದೀಯಾ?" ಎಂದಳು ಮುದುಕಿ. ತಂಬಿಗೆ ಹಿಡಿದು ಗಾಡಿಯ ಹಿಂದೆ ಕೂತೇಬಿಟ್ಟಳು. ಹೊರಡುವ ಮುಂಚೆ ಪಕ್ಕದ ಮನೆಯವಳಿಗೆ, "ಮುಂದಿನ ಊರೂರಿಗೂ ಫೋನ್ ಮಾಡವ್ವಾ, ನಮ್ಮ ಹುಡುಗಿ ಬರ್ತಾಳ ಅಂತ ಹೇಳು" ಎಂದು ಕೂಗಿದಳು.

ಯಶೋಧಾ ಕೂತಲ್ಲೇ ಇದ್ದಳು. ಅಂಜಿನಕ್ಕ ಇಳಿದು, ತಂಬಿಗೆ ಅವಳ ಬಾಯಿಗೆ ಹಿಡಿದಳು. ಯಶೋಧಾ ಗಟಗಟ ಕುಡಿದು, ಮುದುಕಿಯ ಸೆರಗಿನಲ್ಲಿ ಮುಖವಿಟ್ಟು ಅತ್ತಳು. ನನ್ನ ಕೈಯ ಗಡಿಯಾರ ಉರಿಯುತ್ತಿತ್ತು. ಆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ.

"ಏಳವ್ವಾ" ಎಂದಳು ಅಂಜಿನಕ್ಕ. "ಇವತ್ತು ಕುಂತು ಕುಡಿಯೋದು ಇದ ಕಡೀದು. ಮುಂದ ಓಡ್ಕೋತ ಕುಡಿ, ದೇವರೇನು ಸಿಟ್ಟಾಗಂಗಿಲ್ಲ."

ಎದ್ದಳು. ಆಮೇಲಿನದನ್ನು ಹೇಗೆ ಹೇಳಲಿ! ಊರೂರಿನ ಹೆಂಗಸರು ಸೀರೆ ಎತ್ತಿ ಕಟ್ಟಿ ರಸ್ತೆಗೆ ಬಂದಿದ್ದರು. ಅವಳ ಪಕ್ಕ ನೂರು ಹೆಜ್ಜೆ ಓಡಿ, ಲೋಟ ಕೈಗಿಟ್ಟು, ಏದುಸಿರು ಬಿಡುತ್ತ ನಿಲ್ಲುವರು. ಅಷ್ಟರಲ್ಲಿ ಮುಂದಿನ ಮನೆಯವರು ಬರುವರು. "ಒಲ್ಲೆ" ಎಂಬ ಮಾತು ಅವಳ ಬಾಯಿಂದ ಬರಲೇ ಇಲ್ಲ, ಕಾಲೂ ನಿಲ್ಲಲಿಲ್ಲ. ಒಂದು ಕಡೆ ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡೇ ಶರಣು ಹೇಳಲು ಹೋಗಿ ಕೆಮ್ಮಿದಳು. ಅವಳ ಜೊತೆ ಓಡುತ್ತಿದ್ದವರೆಲ್ಲ ನಕ್ಕರು, ಅವಳೂ ನಕ್ಕಳು.

ಊರು ಮುಟ್ಟಿದಾಗ ಹೊತ್ತು ಮುಳುಗಿತ್ತು. ಬಸ್‌ಸ್ಟ್ಯಾಂಡಿನ ಮುಂದೆ ಹಾಕಿದ ಗೆರೆಯ ಆಚೆ ಅಮರೇಶ್ ಗಡಿಯಾರ ಹಿಡಿದು, "ಬರ್ರಿ ಅಕ್ಕಾರ, ಬರ್ರಿ!" ಎಂದು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ. ಕುಂಟುತ್ತ ಗೆರೆ ದಾಟಿದಳು. ಆರು ಗಂಟೆ ಐವತ್ತಾರು ನಿಮಿಷ.

ಅವನು ಪದಕ ಹಾಕಿದ. ಯಾರೋ ಕುರ್ಚಿ ತಂದರು. ಅವಳು ಕೂರಲಿಲ್ಲ. ನೇರ ನನ್ನ ಹತ್ತಿರ ಬಂದಳು. ಈಗ ಬೈಗುಳ ಬರುತ್ತದೆ ಎಂದು ತಲೆ ತಗ್ಗಿಸಿ ನಿಂತೆ.

"ಮುಂದಿನ ಸಲ ನೀವು ಖಾನಾವಳ್ಯಾಗ ಇರ್ರಿ" ಎಂದಳು. "ದಾರಿ ನನಗ ಬಿಡ್ರಿ."

ಮುಂದಿನ ಸಲ ಎಂದಳಲ್ಲ! ಬಸ್‌ಸ್ಟ್ಯಾಂಡಿನ ಮಂದಿಯೆಲ್ಲ ನೋಡುತ್ತಿದ್ದರೂ ನಾನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತುಬಿಟ್ಟೆ.