ಡೀಸೆಲ್ ಕಿವಿ

ಕಡೂರಿನಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಡೀಸೆಲ್ ಎಂಜಿನ್ನಿನ ಗೂಡ್ಸ್ ರೈಲು ಓಡಿಸುತ್ತಿದ್ದರು. ಆ ಸದ್ದಿನಲ್ಲೇ ವರ್ಷಗಳು ಕಳೆದು ಕಿವಿ ಮಂದವಾಗಿತ್ತು. ಒಂದು ಬೆಳಿಗ್ಗೆ ಅಜ್ಜಂಪುರ ಸ್ಟೇಷನ್ನಿನ ಮಂಜಿನಲ್ಲಿ, ಗುಡುಗುಡು ಎನ್ನುತ್ತಾ ನಿಂತಿದ್ದ ಎಂಜಿನ್ನಿಗೆ ಅಂಗೈ ಒತ್ತಿ, ನಿದ್ದೆಯಲ್ಲಿರುವವರಂತೆ ಕಣ್ಣು ಮುಚ್ಚಿ ನಿಂತಿದ್ದವರನ್ನು ನಾನು ಕಂಡೆ.

“ಕೈಗೆ ಎಲ್ಲಾ ಕೇಳ್ತದೆ ಕಣ್ರೀ,” ಎಂದರು. ಯಾವಾಗಲೂ ಅದೇ ಮಾತು.

ಆಮೇಲೆ ಅಷ್ಟೇನೂ ಸದ್ದು ಮಾಡದ ಕರೆಂಟ್ ಎಂಜಿನ್ ಬಂತು. ಅದನ್ನು ಓಡಿಸಿದ ಮೊದಲ ದಿನವೇ ಅವರು ಆಫೀಸಿಗೆ ಹೋಗಿ, ತಮಗೆ ಕಿವಿ ಕೇಳುವುದಿಲ್ಲವೆಂದು ಬರೆದುಕೊಟ್ಟು ಬಂದರು.

“ಯಾಕೆ ಹೇಳೋಕೆ ಹೋದ್ರಿ?” ಎಂದೆ.

ನನ್ನ ತುಟಿಗಳನ್ನು ನೋಡಿ ಅರ್ಥ ಮಾಡಿಕೊಂಡರು. “ಡೀಸೆಲ್ ಸದ್ದಲ್ಲಿ ಯಾರ್ಗೂ ಏನೂ ಕೇಳ್ತಿರ್ಲಿಲ್ಲ. ಇವತ್ತು ತರೀಕೆರೆ ಹತ್ರ ಯಾರೋ ನಿಲ್ಸಿ ಅಂತ ಕೂಗಿದ್ದು ಅಸಿಸ್ಟೆಂಟ್‌ಗೆ ಕೇಳಿಸ್ತು, ಬ್ರೇಕ್ ಹಾಕ್ಸಿದ. ನಂಗೆ ಮಾತ್ರ ಎಲ್ಲಾ ಬಲು ಹಿತವಾಗಿತ್ತು.”