ಎಂಟು ಗಂಟೆಯ ಸದ್ದು

ಗುಂಡಿಗೆಯ ಬಡಿತ ತಪ್ಪಿದರೆ ಶಾಕ್ ಕೊಟ್ಟು ಬದುಕಿಸುವ ಪುಟ್ಟ ಯಂತ್ರವೊಂದು ಅಣ್ಣನ ಎದೆಯೊಳಗಿತ್ತು. ಅದನ್ನಿಟ್ಟ ದಿನದಿಂದ ಅಮ್ಮ ಕಿದ್ವಾಯಿ ನಗರದ ಅವನ ಕ್ವಾರ್ಟರ್ಸ್ ಬಿಟ್ಟು ಅಲುಗಲಿಲ್ಲ. ನನ್ನ ಎರಡು ಬಾಣಂತನಗಳನ್ನೂ ಅತ್ತೆಯೇ ಮಾಡಿದರು. ಆರು ವರ್ಷದ ಮೇಲೆ, ಅದೇ ಊರಿನ ಜನಕಪುರಿಯ ನನ್ನ ಮನೆಗೆ ಒಂದು ವಾರ ಬರಲು ಅಮ್ಮ ಒಪ್ಪಿದಳು.

ಕರೆದೊಯ್ಯಲು ಹೋದ ಬೆಳಿಗ್ಗೆ, ಸರಿಯಾಗಿ ಎಂಟಕ್ಕೆ, ತಿಂಡಿಗೆ ಕೂತಿದ್ದ ಅಣ್ಣನ ಎದೆಯಿಂದ ಸಣ್ಣಗೆ ಸದ್ದು ಬಂತು. ಬ್ಯಾಟರಿ ಮುಗಿಯುತ್ತ ಬಂದಾಗ ಅದು ದಿನಾ ಒಂದೇ ಹೊತ್ತಿಗೆ ಹೀಗೆ ಕೂಗುತ್ತದೆ, ಕೂಡಲೇ ಬನ್ನಿ ಎಂದು ಡಾಕ್ಟರು ಏಳನೇ ಕ್ಲಾಸಿಗೇ ಓದು ಬಿಟ್ಟ ನನಗೂ ತಿಳಿಯುವಂತೆ ಹೇಳಿದ್ದರು.

"ಏನೇ ಅದು?" ಅಂದಳು ಅಮ್ಮ, ಒಲೆಯ ಮುಂದಿನಿಂದ.

"ನನ್ನ ಮೊಬೈಲು," ಅಂದೆ. ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ.

ಅಮ್ಮ ನನ್ನ ಮನೆಯಲ್ಲಿದ್ದ ಆ ವಾರ, ದಿನಾ ಎಂಟಾಗುತ್ತಲೇ ಕೈಲಿದ್ದ ಕೆಲಸ ಬಿಟ್ಟು ಗಡಿಯಾರ ನೋಡುತ್ತಿದ್ದೆ. ಅವಳನ್ನು ವಾಪಸು ಬಿಡಲು ಹೋದಾಗ ಅಣ್ಣನನ್ನು ಬಾಲ್ಕನಿಗೆ ಕರೆದು ಎಲ್ಲ ಹೇಳಿದೆ.

"ನಂಗೂ ಕೇಳಿಸಿತ್ತು ಕಣೇ. ಹೇಳಿದ್ರೆ ಅಮ್ಮ ನಿಮ್ಮನೆಗೆ ಬರ್ತಿದ್ಲಾ? ಚಲೋ, ಈಗ ಆಸ್ಪತ್ರೆಗೆ ಹೋಗೋಣ," ಅಂದ.

ಒಳ್ಳೆಯತನದಲ್ಲೂ ಇವನೇ ಮುಂದೆ ಎಂದು ಆಗಲೂ ನನಗೆ ಹೊಟ್ಟೆ ಉರಿಯಿತು.