ಕೆರೂರಿಗೂ ಅಮೀನಗಡಕ್ಕೂ ನಡುವೆ ಒಂದು ಚುಕ್ಕಿ

ಹೆಲಿಕಾಪ್ಟರ್ ಐದೂ ಕಾಲಿಗೆ ಬರಬೇಕಿತ್ತು. ಐದೂವರೆ ದಾಟಿದರೂ ಕೆರೂರಿನ ಆಕಾಶದಲ್ಲಿ ಎರಡು ಹದ್ದು ಬಿಟ್ಟರೆ ಏನೂ ಇರಲಿಲ್ಲ.

ಶಾಲೆಯ ಮೈದಾನದ ನಡುವೆ ಸುಣ್ಣದ ಪುಡಿಯಲ್ಲಿ ದೊಡ್ಡದಾಗಿ ಎಚ್ ಅಕ್ಷರ ಬರೆದಿದ್ದೆವು. ಅಂಚಿನಲ್ಲಿ ಆಂಬುಲೆನ್ಸ್, ಅದರೊಳಗೆ ನಮ್ಮಣ್ಣ ಈರಣ್ಣ. ಅವನ ಬಲಗೈ ಅವನ ಪಕ್ಕದಲ್ಲಿ, ಬರ್ಫ ತುಂಬಿದ ಡಬ್ಬಿಯಲ್ಲಿತ್ತು.

ಅಣ್ಣ ಕೆರೂರ ಪೇಟೆಯಲ್ಲಿ ಟೇಲರ್. ಆ ದಿನ ಮಧ್ಯಾಹ್ನ ಮೂರರ ಸುಮಾರಿಗೆ ಎಮ್ಮೆಗೆ ಮೇವು ಕತ್ತರಿಸುತ್ತಿದ್ದಾಗ ಮಷಿನ್ ಕೈಯನ್ನೂ ಎಳೆದುಕೊಂಡಿತು. ಮಣಿಕಟ್ಟಿನಲ್ಲಿ ತುಂಡಾಯಿತು.

ದವಾಖಾನೆಯ ಡಾಕ್ಟರು ರಕ್ತ ನಿಲ್ಲಿಸಿ ನನ್ನನ್ನು ಹೊರಗೆ ಕರೆದರು. "ಕೈ ಜೋಡ್ಸೋರು ಬೆಂಗಳೂರಾಗ ಅದಾರ್ರಿ. ರಾತ್ರಿ ಒಂಬತ್ತರೊಳಗ ಅಲ್ಲಿ ಮುಟ್ಟಬೇಕು. ತಡ ಆದ್ರ ಆಸೆ ಬಿಡ್ರಿ."

ರಸ್ತೆಯಲ್ಲಿ ಎಂಟು ತಾಸಿನ ದಾರಿ. ಸಾಧ್ಯವೇ ಇರಲಿಲ್ಲ.

ನಾನು ರಜೆಗೆ ಊರಿಗೆ ಬಂದಿದ್ದೆ. ನನ್ನ ಕೆಲಸ ವಿಮಾನ ಸಂಚಾರ ನಿಯಂತ್ರಣದ ಡೇಟಾ ವಿಭಾಗದಲ್ಲಿ. ಹಾಗಾಗಿ ಹೆಲಿಕಾಪ್ಟರ್ ಕಂಪನಿಯೊಂದರ ಪರಿಚಯವಿತ್ತು, ಅವರದೊಂದು ಹೆಲಿಕಾಪ್ಟರ್ ಅಂದು ಹುಬ್ಬಳ್ಳಿಯಲ್ಲೇ ನಿಂತಿತ್ತು.

ಒಂದೇ ಷರತ್ತು. ದೀಪವಿಲ್ಲದ ಮೈದಾನದಲ್ಲಿ ಸೂರ್ಯ ಮುಳುಗಿದ ಮೇಲೆ ಇಳಿಯುವಂತಿಲ್ಲ.

ಅವರ ಆಫೀಸಿನ ಮೇಡಂ ಮೈದಾನದ ಅಕ್ಷಾಂಶ, ರೇಖಾಂಶ ಕೇಳಿದರು. ಮೈದಾನದಲ್ಲೇ ನಿಂತು ಫೋನಿನ ಮ್ಯಾಪ್ ನೋಡಿ ಹೇಳಿದೆ. ಅವರು ಬರೆದುಕೊಂಡರು, ಹೆಲಿಕಾಪ್ಟರ್ ಹೊರಟಿತು ಎಂದು ಮೆಸೇಜ್ ಬಂತು.

ಆಮೇಲೆ ಕಾಯುವುದು...

ಅತ್ತಿಗೆ ಆಂಬುಲೆನ್ಸಿನ ಬಾಗಿಲು ಹಿಡಿದು ನಿಂತಿದ್ದರು. "ತಮ್ಮಾ, ಅದು ಬರತೈತಿಲ್ಲೋ?" ಎಂದು ಮೂರನೆಯ ಸಲ ಕೇಳಿದರು. ನಾನು ಪಶ್ಚಿಮಕ್ಕೆ ನೋಡಿದೆ. ಸೂರ್ಯ ಆಗಲೇ ಶಾಲೆಯ ಕಟ್ಟಡದ ಮಟ್ಟಕ್ಕೆ ಇಳಿದಿದ್ದ.

ಆಗ ಫೋನ್ ಬಂತು. ಕಂಪನಿಯದಲ್ಲ, ಅಮೀನಗಡದಲ್ಲಿರುವ ನಮ್ಮಕ್ಕನ ಗಂಡನದು. ಅವರಿಗೆ ಇನ್ನೂ ವಿಷಯ ತಿಳಿಸಿರಲಿಲ್ಲ.

"ಏನಪಾ ಸಾಹೇಬ, ನಮ್ಮೂರ ಮ್ಯಾಲ ಹೆಲಿಕಾಪ್ಟರ್ ಗಿರಕಿ ಹೊಡ್ಯಾಕತ್ತೈತಿ. ನಿಮ್ಮ ಮಂದಿ ಕರದಂಟು ಮಿಠಾಯಿ ತಗೊಳ್ಳಾಕ ಬಂದಾರೇನು?"

ನನಗೆ ನಗು ಬರಲಿಲ್ಲ. ಅಮೀನಗಡ ಹುನಗುಂದದ ಕಡೆಗಿದೆ. ಕೆರೂರಿನಿಂದ ನೇರ ಪೂರ್ವಕ್ಕೆ, ಹತ್ತಿರ ಹತ್ತಿರ ನಲವತ್ತು ಕಿಲೋಮೀಟರು.

ಮೇಡಂಗೆ ಫೋನ್ ಮಾಡಿ, ಫ್ಲೈಟ್ ಪ್ಲಾನಿನಲ್ಲಿ ಏನು ಬರೆದಿದೆ ಓದಿ ಎಂದೆ. ಓದಿದರು. ಉತ್ತರ ಒಂದು, ಆರು, ಸೊನ್ನೆ, ಒಂದು. ಪೂರ್ವ ಸೊನ್ನೆ, ಏಳು, ಐದು, ಐದು, ಐದು.

ನಾನು ಹೇಳಿದ ಅಂಕಿಗಳೇ. ಒಂದೂ ಹೆಚ್ಚುಕಡಿಮೆಯಿಲ್ಲ. ನಾನು ಹೇಳದೆ ಬಿಟ್ಟದ್ದು ಚುಕ್ಕಿಯನ್ನು.

ನನ್ನ ಫೋನಿನಲ್ಲಿ ಇದ್ದದ್ದು ಎಪ್ಪತ್ತೈದು ಪಾಯಿಂಟ್ ಐದು ಐದು ಡಿಗ್ರಿ. ಕೆಲಸದ ರೂಢಿಯಲ್ಲಿ, ಮುಂದೊಂದು ಸೊನ್ನೆ ಸೇರಿಸಿ, ಅಂಕಿಗಳನ್ನು ಒಂದೊಂದಾಗಿ ಒದರಿದ್ದೆ. ಫ್ಲೈಟ್ ಪ್ಲಾನಿನ ಆ ಹಳೆಯ ಫಾರ್ಮಿನಲ್ಲಿ ಚುಕ್ಕಿಗೆ ಜಾಗವೇ ಇಲ್ಲ, ಕೊನೆಯ ಎರಡು ಅಂಕಿ ಎಂದರೆ ಮಿನಿಟು. ಒಂದು ಡಿಗ್ರಿಗೆ ಅರವತ್ತು ಮಿನಿಟು. ನನ್ನ ಐವತ್ತೈದು, ಅಂದರೆ ಡಿಗ್ರಿಯ ನೂರರಲ್ಲಿ ಐವತ್ತೈದು ಪಾಲು, ಅಲ್ಲಿ ಮೂವತ್ತಮೂರು ಆಗಬೇಕಿತ್ತು.

ಉತ್ತರದ ಅಂಕಿ ಹೇಗೆ ಓದಿದರೂ ಹೆಚ್ಚು ಬದಲಾಗುವುದಿಲ್ಲ. ಪೂರ್ವದ ಅಂಕಿ ಇಡೀ ಮೈದಾನವನ್ನೇ ಎತ್ತಿ ಅಮೀನಗಡಕ್ಕೆ ಹಾಕಿತ್ತು. ಅದೇ ಜಿಲ್ಲೆಯೊಳಗಿನ ಜಾಗವಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ನನ್ನ ಸಂಬಳದ ಕೆಲಸ ಏನು ಗೊತ್ತೇ? ಒಂದು ದೇಶದ ಕಂಪ್ಯೂಟರ್ ವಿಮಾನದ ಬಗ್ಗೆ ಬರೆದದ್ದನ್ನು ಇನ್ನೊಂದು ದೇಶದ ಕಂಪ್ಯೂಟರ್ ಬೇರೆ ಅರ್ಥದಲ್ಲಿ ಓದಬಾರದು, ಅದಕ್ಕಾಗಿ ಜಗತ್ತಿಗೆಲ್ಲ ಒಂದೇ ಮಾದರಿ ತರುವುದು. ಯಾವ ಅಂಕಿಯೂ ತನ್ನ ಅಳತೆಯ ಹೆಸರಿಲ್ಲದೆ ಒಂಟಿಯಾಗಿ ಹೋಗಬಾರದು ಎಂದು ವರ್ಷಗಟ್ಟಲೆ ಮೀಟಿಂಗುಗಳಲ್ಲಿ ಹೇಳಿದವನು ನಾನು.

"ಐದು ಐದು ತೆಗೆದು ಮೂರು ಮೂರು ಹಾಕಿ. ಮೂವತ್ತಮೂರು ಮಿನಿಟು," ಎಂದೆ. ಅವರು ಎರಡು ಸಲ ತಿರುಗಿ ಓದಿ ಪೈಲಟ್‌ಗೆ ರೇಡಿಯೋದಲ್ಲಿ ತಿಳಿಸಿದರು.

ಮುಂದಿನ ಹನ್ನೆರಡು ನಿಮಿಷ ನಾನು ಗಡಿಯಾರವನ್ನೂ ಸೂರ್ಯನನ್ನೂ ಮಾತ್ರ ನೋಡಿದೆ. ಪೈಲಟ್‌ಗೆ ಈಗ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿರುತ್ತದೆ, ಸುಣ್ಣದ ಅಕ್ಷರ ಕಾಣುತ್ತದೋ ಇಲ್ಲವೋ... ಒಣಹುಲ್ಲಿಗೆ ಬೆಂಕಿ ಹಚ್ಚಿ ಹೊಗೆ ಎಬ್ಬಿಸಿದೆವು.

ಮೊದಲು ಸದ್ದು ಕೇಳಿಸಿತು. ಅತ್ತಿಗೆ ಬಾಗಿಲು ಬಿಟ್ಟು ನೆಲದ ಮೇಲೆ ಕುಳಿತುಬಿಟ್ಟರು. ಅಣ್ಣನನ್ನು ಹೊತ್ತು ಹೆಲಿಕಾಪ್ಟರ್ ಮತ್ತೆ ಮೇಲೇಳುವಾಗ ಮೈದಾನದಲ್ಲಿ ಬಿಸಿಲಿರಲಿಲ್ಲ, ಬೆಳಕಷ್ಟೇ ಉಳಿದಿತ್ತು.

ಕೈ ಉಳಿಯಿತು. ಆದರೆ ಹೆಬ್ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಕತ್ತರಿಗೆ ಬೇಕಾದದ್ದು ಅದೇ ಬೆರಳು.

ಅರ್ಧ ತಾಸು ಮೊದಲೇ ಬಂದಿದ್ದರೆ ಬದಲಾಗುತ್ತಿತ್ತೇ ಎಂದು ಸರ್ಜನ್ನರನ್ನು ಕೇಳಿದೆ. ಹೇಳಲಾಗದು ಎಂದರು. ಆಗುತ್ತಿರಲಿಲ್ಲ ಎಂದಿದ್ದರೆ ನೆಮ್ಮದಿಯಾಗುತ್ತಿತ್ತು.

ಎಂಟು ತಿಂಗಳು ಈ ಚುಕ್ಕಿಯ ತಪ್ಪನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕಳೆದ ವಾರ ಅಂಗಡಿಯಲ್ಲಿ ಅಣ್ಣ ಒಬ್ಬನೇ ಇದ್ದಾಗ ಎಲ್ಲವನ್ನೂ ಹೇಳಿದೆ.

ಅವನು ಕೊರಳಲ್ಲಿದ್ದ ಅಳತೆಯ ಟೇಪನ್ನು ಎಡಗೈಯಲ್ಲಿ ತೆಗೆದು, ತಿರುವಿ ತೋರಿಸಿದ.

"ಇದಕ್ಕ ಎರಡು ಬದಿ ಅದಾವ ಲೇ. ಬರೇ ನಲವತ್ತು ಅಂದ್ರ ನಾ ಅಂಗಿ ಯಾರಿಗೆ ಹೊಲೀಲಿ, ನಿನಗೋ, ತೊಟ್ಟಲದಾಗಿನ ಕೂಸಿಗೋ?"

ಅವನು ಬಟ್ಟೆ ಹರವಿ, ಗೆರೆ ಹಾಕುವ ಸುಣ್ಣದ ಬಿಲ್ಲೆಯನ್ನು ನನ್ನ ಕಡೆ ಸರಿಸಿದ. "ಹದಿನೆಂಟಕ್ಕ ಒಂದು ಗೆರಿ ಎಳಿ."

ಇಂಚೋ, ಸೆಂಟಿಮೀಟರೋ ಎಂದು ಕೇಳಿದೆ... ಅವತ್ತು ಮೈದಾನದಲ್ಲಿ ನಿಂತು ನಾನು ಕೇಳಬೇಕಿದ್ದದ್ದು ಅಷ್ಟೇ ಉದ್ದದ ಒಂದು ಮಾತು, ಡಿಗ್ರಿಯೋ, ಮಿನಿಟೋ ಎಂದು.